ಪಕ್ಕದ ಸೀಟಿನವರ ಕಿವಿ

ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಐವತ್ತು ಕಿಲೋಮೀಟರೂ ಇಲ್ಲ. ಆದರೂ ಬೆಳಗ್ಗಿನ ಗಾಡಿಯ ಒಂದೇ ಬೋಗಿಯಲ್ಲಿ ಎಷ್ಟು ಬಗೆಯ ಜನ! ಕುಂಬಳೆ, ಉಪ್ಪಳ, ಮಂಜೇಶ್ವರ ದಾಟುವಷ್ಟರಲ್ಲಿ ಕಾಲೇಜಿನ ಮಕ್ಕಳು, ಅಂಗಡಿ ಆಫೀಸಿನವರು, ಆಸ್ಪತ್ರೆಯ ಫೈಲು ಎದೆಗೊತ್ತಿಕೊಂಡವರು, ರಾತ್ರಿಯ ಡ್ಯೂಟಿಗೆ ಹೊರಟ ಮಗಳಿಗೆ ಬುತ್ತಿ ಕೊಟ್ಟು ಬರಲು ಹೊರಟ ತಾಯಿ, ಎಲ್ಲರೂ ಒಬ್ಬರಿಗೊಬ್ಬರು ಭುಜ ತಾಗಿಸಿಕೊಂಡು ನಿಂತಿರುತ್ತಾರೆ. ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ಮೊದಲು ಇವು ಬಾಯಿಯಿಂದ ಮಾತ್ರ ಬರುತ್ತಿದ್ದವು, ಈಗ ಫೋನಿನಿಂದಲೂ ಬರುತ್ತವೆ. ಒಂದು ಫೋನಿನಲ್ಲಿ ರೀಲ್ಸ್, ಇನ್ನೊಂದರಲ್ಲಿ ಕ್ರಿಕೆಟ್, ಮತ್ತೊಂದರಲ್ಲಿ ಯಾರದೋ ಮನೆಯ ಜಗಳದ ವಾಯ್ಸ್ ಮೆಸೇಜ್.

ಆದ್ದರಿಂದ ನಮ್ಮ ಮಕ್ಕಳು ಹೆಡ್‌ಫೋನ್ ಬೇಕೆಂದು ಕೇಳಿದರೆ ಹಿರಿಯರಾದ ನಾವು ಸಂತೋಷದಿಂದಲೇ ಒಪ್ಪುತ್ತೇವೆ. ಯಾವುದನ್ನು ಕೊಳ್ಳುವುದು ಎಂಬ ಪ್ರಶ್ನೆ ಬಂದಾಗ ಮಾತ್ರ ಲೆಕ್ಕವೆಲ್ಲ ಕೊಳ್ಳುವವರ ಕಡೆಯಿಂದಲೇ ನಡೆಯುತ್ತದೆ: ಬೆಲೆ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬೇಸ್ ಹೇಗಿದೆ. ಪಕ್ಕದ ಸೀಟಿನವರ ಕಡೆಯಿಂದ ಕೇಳಿದರೆ ಅದೇ ಪ್ರಶ್ನೆ ಬೇರೆಯಾಗುತ್ತದೆ. ಕಿವಿಗೆ ಏನೋ ಒಂದನ್ನು ಸಿಕ್ಕಿಸಿದ ಮಾತ್ರಕ್ಕೆ ನೆರೆಯವರ ಕಡೆಗಿನ ಕರ್ತವ್ಯ ಮುಗಿಯಿತೇ?

ಮುಗಿಯುವುದಿಲ್ಲ ಎನ್ನುವುದಕ್ಕೆ ಮೊದಲ ಕಾರಣ ಬಹಳ ಸಾದಾ. ಹಿಂಬದಿ ತೆರೆದಿರುವ ದೊಡ್ಡ ಹೆಡ್‌ಫೋನುಗಳಿವೆ. ಮನೆಯಲ್ಲಿ ಕುಳಿತು ಸಂಗೀತ ಕೇಳುವುದಕ್ಕೆ ಅವು ಚೆನ್ನ, ಆದರೆ ಒಳಗಿನ ಹಾಡು ಹೊರಗೂ ಸೋರುತ್ತದೆ. ಕಿವಿಯ ಬಾಯಲ್ಲಿ ಸಡಿಲವಾಗಿ ಕೂರುವ ಗಟ್ಟಿ ಪ್ಲಾಸ್ಟಿಕ್ಕಿನ ಇಯರ್‌ಫೋನಿನದು ಇನ್ನೊಂದು ತೊಂದರೆ. ಅದು ಹೊರಗಿನ ಸದ್ದನ್ನು ತಡೆಯುವುದಿಲ್ಲ, ಹಾಗಾಗಿ ಗಾಡಿಯ ಗಡಗಡ ಮೀರಿಸಲು ವಾಲ್ಯೂಮ್ ಏರುತ್ತಲೇ ಹೋಗುತ್ತದೆ. ಕೊನೆಗೆ ಪಕ್ಕದವರಿಗೆ ಹಾಡು ಕೇಳಿಸುವುದಿಲ್ಲ, ಬರೀ ಚಿಸ್ ಚಿಸ್ ಎಂಬ ತಾಳ ಕೇಳಿಸುತ್ತದೆ. ಪೂರ್ತಿ ಹಾಡನ್ನಾದರೂ ಸಹಿಸಬಹುದು, ಈ ಚಿಸ್ ಚಿಸ್ ಸಹಿಸುವುದು ಕಷ್ಟ. ಕಿವಿಯೊಳಗೆ ಮೆತ್ತಗೆ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪೆಟ್ಟಿಗೆಯಲ್ಲಿ ಮೂರು ಅಳತೆಯ ತುದಿಗಳಿದ್ದರೆ ನಮ್ಮ ಕಿವಿಗೆ ಸರಿಯಾದುದನ್ನು ಹಾಕಿಕೊಂಡರಾಯಿತು, ಕಡಿಮೆ ವಾಲ್ಯೂಮಿನಲ್ಲೇ ಹಾಡು ಸ್ಪಷ್ಟ. ಹೆಚ್ಚು ಹಣವಿದ್ದವರು ಸದ್ದು ಅಡಗಿಸುವ ಹೆಡ್‌ಫೋನ್ ಕೊಳ್ಳುತ್ತಾರೆ. ಅದರಲ್ಲಿರುವ ಸಣ್ಣ ಮೈಕ್ ಹೊರಗಿನ ಸದ್ದನ್ನು ಹಿಡಿಯುತ್ತದೆ, ಒಳಗಿನ ಯಂತ್ರ ಅದಕ್ಕೆ ತದ್ವಿರುದ್ಧವಾದ ಅಲೆ ಹುಟ್ಟಿಸಿ ಎರಡೂ ಒಂದನ್ನೊಂದು ಅಳಿಸುವಂತೆ ಮಾಡುತ್ತದೆ. ಬಸ್ಸಿನ ಇಂಜಿನ್, ರೈಲಿನ ಗುಂಯ್‌ಗುಡುವಿಕೆಯಂಥ ಒಂದೇ ಸಮನೆಯ ಸದ್ದಿಗೆ ಅದು ಒಳ್ಳೆಯ ಮದ್ದು. ಮನುಷ್ಯರ ಮಾತನ್ನು ಅಳಿಸುವುದರಲ್ಲಿ ಅದು ಅಷ್ಟು ಸಮರ್ಥವಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಕೇಳುವವರ ಕಿವಿಯ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, ಮಕ್ಕಳಿಗೆ 75. ಪ್ರತಿ 3 ಡೆಸಿಬೆಲ್ ಏರಿದಾಗ ಅವಧಿ ಅರ್ಧವಾಗುತ್ತದೆ. ಅಂದರೆ 86ಕ್ಕೆ ಏರಿದರೆ ಉಳಿಯುವುದು 10 ಗಂಟೆ. ದಿನಕ್ಕೆ ಹೋಗಿಬರುವ ಎರಡು ಗಂಟೆ, ವಾರಕ್ಕೆ ಆರು ದಿನ ಎಂದರೆ 12 ಗಂಟೆಯಾಯಿತು. ಪಕ್ಕದವರನ್ನು ಕಾಡುವ ವಾಲ್ಯೂಮೇ ನಮ್ಮ ಮಗನ ಕಿವಿಯನ್ನೂ ಸವೆಸುತ್ತದೆ. ಇಲ್ಲಿ ಸ್ವಾರ್ಥ ಪರಾರ್ಥ ಎರಡೂ ಒಂದೇ ದಾರಿಯಲ್ಲಿವೆ. ಹೀಗೆ ಯಾವಾಗಲೂ ಆಗುವುದಿಲ್ಲ.

ಆಗದಿರುವ ಜಾಗ ಫೋನ್ ಕರೆ. ಎರಡೂ ಕಿವಿ ಮುಚ್ಚಿಕೊಂಡು ಮಾತನಾಡುವವರಿಗೆ ತಮ್ಮ ದನಿ ಎಷ್ಟು ಎತ್ತರದಲ್ಲಿದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಸುತ್ತ ಗದ್ದಲವಿದ್ದರೆ ನಾವೆಲ್ಲ ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ, ಅದರ ಮೇಲೆ ಇದು. ಹಾಡನ್ನು ಬೋಗಿಯಿಂದ ಹೊರಗಿಟ್ಟ ಅದೇ ಸಾಧನ ಮನೆಯ ಸಾಲ, ಮದುವೆಯ ಮಾತುಕತೆ, ಡಾಕ್ಟರು ಹೇಳಿದ ರಿಪೋರ್ಟು ಎಲ್ಲವನ್ನೂ ಬೋಗಿಗೆ ಬಡಿಸುತ್ತದೆ. ಇದಕ್ಕೆ ಅಂಗಡಿಯಲ್ಲಿ ಪರಿಹಾರ ಸಿಗುವುದಿಲ್ಲ. ಕರೆ ಬಂದಾಗ ಒಂದು ಕಿವಿಯದನ್ನು ತೆಗೆದು, "ಇಳಿದ ಮೇಲೆ ಮಾಡ್ತೇನೆ" ಎಂದರಾಯಿತು.

ಸ್ಪೀಕರ್ ಹಾಕುವವರ ವಿಚಾರದಲ್ಲಿ ಕಾನೂನು ಸ್ಪಷ್ಟವಿದೆ. 1989ರ ರೈಲ್ವೆ ಕಾಯ್ದೆಯ 145ನೇ ಸೆಕ್ಷನ್ ಸಹಪ್ರಯಾಣಿಕರಿಗೆ ಉಪದ್ರವ ಕೊಡುವುದನ್ನು ಅಪರಾಧವೆನ್ನುತ್ತದೆ. ಕರ್ನಾಟಕದ ಕೆಎಸ್‌ಆರ್‌ಟಿಸಿ 2021ರ ನವೆಂಬರಿನಲ್ಲಿ ಬಸ್ಸಿನೊಳಗೆ ಫೋನಿನ ಸ್ಪೀಕರ್ ನಿಷೇಧಿಸಿತು, ಕೇರಳದ ಕೆಎಸ್‌ಆರ್‌ಟಿಸಿಯೂ ಬಳಿಕ ಅದೇ ದಾರಿ ಹಿಡಿಯಿತು. ತಲಪಾಡಿಯ ಗಡಿ ದಾಟಿದರೂ ನಿಯಮ ಬದಲಾಗುವುದಿಲ್ಲ. ಆದರೆ ಬೋಗಿಯಲ್ಲಿ ಆ ಮಾತನ್ನು ಯಾರು, ಯಾವ ಭಾಷೆಯಲ್ಲಿ ಹೇಳುವುದು?

ನಮ್ಮಂಥ ಗಡಿನಾಡಿನವರಿಗೆ ಇದು ಸಣ್ಣ ಪ್ರಶ್ನೆಯಲ್ಲ. 1956ರ ನವೆಂಬರ್ 1ರಿಂದ ಈಚೆಗೆ ಕಾಸರಗೋಡಿನ ಕನ್ನಡಿಗರಿಗೆ ಭಾಷೆ ಎಂದರೆ ಶಾಲೆ, ಅರ್ಜಿ, ನೌಕರಿ, ಬೋರ್ಡು ಎಲ್ಲದರ ವಿಷಯ. ಮಲಯಾಳ ಹಾಡು ಜೋರಾಗಿಟ್ಟ ಹುಡುಗನಿಗೆ "ಸ್ವಲ್ಪ ಕಡಿಮೆ ಮಾಡು ಮಾರಾಯ" ಎಂದು ಕನ್ನಡದಲ್ಲಿ ಹೇಳಿದರೆ ಅದು ಸದ್ದಿನ ಮೇಲಿನ ದೂರು ಎನಿಸದೆ ಭಾಷೆಯ ಮೇಲಿನ ದೂರು ಎನಿಸಬಹುದು. ಅದೇ ಮಾತು ತಿರುಗಿ ಬಂದಾಗ ನಮ್ಮವರಿಗೂ ಹಾಗೆಯೇ ಅನಿಸುತ್ತದೆ. ಕನ್ನಡ ಹಾಡನ್ನು ಸ್ಪೀಕರಿನಲ್ಲಿಟ್ಟ ಯುವಕನನ್ನು ಯಾರಾದರೂ ತಡೆದರೆ, "ನಮ್ಮ ಭಾಷೆಗೆ ಇಲ್ಲಿ ಜಾಗವಿಲ್ಲವೇ?" ಎಂದು ಅವನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆ ನೋವು ನಿಜ. ಆದರೆ ಎದುರು ಸೀಟಿನಲ್ಲಿ ಚಿಕಿತ್ಸೆ ಮುಗಿಸಿ ಮನೆಗೆ ಹೊರಟು ತಲೆಯನ್ನು ಕಿಟಕಿಗೆ ಒರಗಿಸಿರುವ ಹೆಂಗಸಿಗೆ ಯಾವ ಭಾಷೆಯ ಡೋಲೂ ಡೋಲೇ. ಭಾಷೆಯ ಹಕ್ಕನ್ನು ಕೇಳಬೇಕಾದದ್ದು ಶಾಲೆಯಲ್ಲಿ, ಕಚೇರಿಯಲ್ಲಿ, ಸಭೆಯಲ್ಲಿ. ಆ ಹೆಂಗಸಿನ ನಿದ್ದೆಯ ಮೇಲೆ ಅದನ್ನು ಸ್ಥಾಪಿಸಲಾಗದು.

ಇದೇ ಮಾತು ಪ್ರಾರ್ಥನೆಗೂ ಅನ್ವಯಿಸುತ್ತದೆ ಎಂದರೆ ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಬೆಳಗ್ಗೆ ಜಪಸರವನ್ನೋ ಬಲಿಪೂಜೆಯ ಗೀತೆಯನ್ನೋ ಫೋನಿನಲ್ಲಿ ಎಲ್ಲರಿಗೂ ಕೇಳುವಂತೆ ಇಡುವವರು ನಮ್ಮಲ್ಲಿದ್ದಾರೆ. ಒಳ್ಳೆಯದನ್ನೇ ಅಲ್ಲವೇ ಕೇಳಿಸುತ್ತಿರುವುದು ಎಂಬ ಭಾವ. ಅದೇ ಬೋಗಿಯಲ್ಲಿ ಇನ್ನೊಬ್ಬರು ಭಜನೆ ಇಡಬಹುದು, ಮತ್ತೊಬ್ಬರು ಧಾರ್ಮಿಕ ಪ್ರವಚನ ಇಡಬಹುದು. ಅವರ ಭಾವವೂ ಅದೇ. ಮೂರೂ ಸೇರಿದಾಗ ಉಳಿಯುವುದು ಗದ್ದಲ ಮಾತ್ರ.

ಕಿವಿ ಮುಚ್ಚಿಕೊಳ್ಳುವುದರ ಇನ್ನೊಂದು ಮುಖವನ್ನೂ ನೋಡಬೇಕು. 1979ರ ಜುಲೈನಲ್ಲಿ ಸೋನಿ ಕಂಪೆನಿ ಮೊದಲ ವಾಕ್‌ಮನ್ ಮಾರುಕಟ್ಟೆಗೆ ತಂದಾಗ ಅದರಲ್ಲಿ ಹೆಡ್‌ಫೋನ್ ಸಿಕ್ಕಿಸಲು ಎರಡು ತೂತುಗಳಿದ್ದವು. ಕಂಪೆನಿಯ ಅಕಿಯೊ ಮೊರಿಟಾ ಮನೆಯಲ್ಲಿ ಅದನ್ನು ಪರೀಕ್ಷಿಸುತ್ತಿದ್ದಾಗ, ಪಕ್ಕದಲ್ಲಿದ್ದ ಹೆಂಡತಿಗೆ ತನ್ನನ್ನು ಹೊರಗಿಟ್ಟಂತೆ ಅನಿಸಿ ಬೇಸರವಾಯಿತಂತೆ. ಒಬ್ಬರೇ ಕೇಳುವುದು ಅಸಭ್ಯ ಎಂದು ಜನ ಭಾವಿಸಿಯಾರು ಎಂಬ ಅಳುಕಿನಿಂದ ಎರಡನೆಯವರಿಗೂ ಜಾಗ ಮಾಡಿದರು. ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿ: ಒತ್ತಿದರೆ ಹಾಡು ತಗ್ಗಿ, ಮೈಕಿನ ಮೂಲಕ ಪಕ್ಕದವರ ಮಾತು ಕೇಳುತ್ತಿತ್ತು. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಹೋಯಿತು. ಜನ ಒಬ್ಬರೇ ಕೇಳಲು ಬೇಗ ಒಗ್ಗಿಹೋದರು.

ನಮ್ಮ ಊರಿನಲ್ಲಿ ಆ ಗುಂಡಿಗೆ ಬೆಲೆಯಿದೆ. ಇಲ್ಲಿ ನಾಲ್ಕೈದು ಭಾಷೆ ಬಲ್ಲ ಹಿರಿಯರು ಎಷ್ಟೋ ಮಂದಿ. ಪಾಠ ಓದಿ ಕಲಿತವರಲ್ಲ ಅವರು. ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಕಿವಿಗೆ ಬಿದ್ದದ್ದನ್ನು ಹೆಕ್ಕಿಕೊಂಡವರು. ಎಲ್ಲರೂ ತಮ್ಮ ತಮ್ಮ ಭಾಷೆಯನ್ನು ತಮ್ಮ ತಮ್ಮ ಕಿವಿಯೊಳಗೆ ಮುಚ್ಚಿಟ್ಟುಕೊಂಡರೆ ಬೋಗಿಯೇನೋ ಶಾಂತವಾಗುತ್ತದೆ, ಆದರೆ ಆ ಹೆಕ್ಕುವಿಕೆ ನಿಲ್ಲುತ್ತದೆ. ಅಲ್ಪಸಂಖ್ಯಾತರಾದ ನಮಗೇ ಅದರಿಂದ ಹೆಚ್ಚು ನಷ್ಟ.

ಸಂತ ಆಗಸ್ಟೀನರು ತಮ್ಮ 'ನಿವೇದನೆ'ಯ ಆರನೆಯ ಭಾಗದಲ್ಲಿ ಮಿಲಾನಿನ ಸಂತ ಅಂಬ್ರೋಸರು ಓದುವ ರೀತಿಯನ್ನು ವರ್ಣಿಸಿದ್ದಾರೆ. ಕಣ್ಣು ಸಾಲುಗಳ ಮೇಲೆ, ನಾಲಿಗೆ ಅಲುಗುತ್ತಿರಲಿಲ್ಲ, ದನಿಯಿಲ್ಲ. ಭೇಟಿಗೆ ಬಂದವರು ಸುಮ್ಮನೆ ಕುಳಿತು, ಅವರ ಓದಿಗೆ ಭಂಗ ತರಲಾರದೆ ಎದ್ದು ಹೋಗುತ್ತಿದ್ದರು. ಆ ಮೌನದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಅಷ್ಟೇ ಮುಖ್ಯವಾದ ಇನ್ನೊಂದು ವಿವರ ಅಲ್ಲಿದೆ: ಬಾಗಿಲು ತೆರೆದಿತ್ತು, ಯಾರು ಬೇಕಾದರೂ ಮುನ್ಸೂಚನೆಯಿಲ್ಲದೆ ಒಳಗೆ ಬರಬಹುದಾಗಿತ್ತು.

ಹೆಡ್‌ಫೋನ್ ಕೊಳ್ಳುವಾಗ ಅಂಗಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ದಿನವೂ ಕೇಳುವ ವಾಲ್ಯೂಮಿನಲ್ಲಿ ಹಾಡು ಹಾಕಿ, ಕಿವಿಗೆ ಹಾಕಿಕೊಂಡು, ಜೊತೆಗೆ ಬಂದವರನ್ನು ರೈಲಿನ ಸೀಟಿನಷ್ಟು ಹತ್ತಿರ ನಿಲ್ಲಿಸಿ ಏನಾದರೂ ಕೇಳುತ್ತದೆಯೇ ಎಂದು ಕೇಳುವುದು. ಆಮೇಲೆ ಅವರು ನಮ್ಮ ಹೆಸರು ಹಿಡಿದು ಸಾಮಾನ್ಯ ದನಿಯಲ್ಲಿ ಕರೆಯಲಿ. ಕೇಳಿಸಲಿಲ್ಲವೆಂದರೆ ರೈಲಿನಲ್ಲಿ ಒಂದೇ ಕಿವಿಗೆ ಸಾಕು. ಹಳಿ ದಾಟುವಲ್ಲಿ ಅದೂ ಬೇಡ. ಉಪ್ಪಳದಲ್ಲಿ ಹತ್ತಿದ ಅಜ್ಜಿಯೊಬ್ಬರು "ಮಗಾ, ಈ ಗಾಡಿ ಉಳ್ಳಾಲದಲ್ಲಿ ನಿಲ್ತದಾ?" ಎಂದು ಕೇಳಿದರೆ, ಮೂರನೆಯ ಸಲ ಭುಜ ತಟ್ಟುವ ತನಕ ಅವರು ಕಾಯಬೇಕಾಗಿಲ್ಲ.