ಗೃಹಸ್ಥನ ಕಸ ಮತ್ತು ಪೌರಕಾರ್ಮಿಕನ ಕೈ

ಪಂಚ ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಈರ್ಯಾ, ಭಾಷಾ, ಏಷಣಾ, ಆದಾನ-ನಿಕ್ಷೇಪಣ ಎಂಬ ಮೊದಲ ನಾಲ್ಕನ್ನು ಕುರಿತು ಪ್ರವಚನಗಳಲ್ಲಿ ವಿಸ್ತಾರವಾದ ವಿವೇಚನೆ ನಡೆಯುತ್ತದೆ. ಐದನೆಯದಕ್ಕೆ ಬಂದಾಗ ಮಾತು ಸಂಕ್ಷಿಪ್ತವಾಗುತ್ತದೆ. ಮಲಮೂತ್ರಾದಿ ತ್ಯಾಜ್ಯಗಳನ್ನು ಜೀವಜಂತುಗಳಿಲ್ಲದ ಸ್ಥಳವನ್ನು ನೋಡಿ, ಯಾವ ಜೀವಕ್ಕೂ ಬಾಧೆಯಾಗದಂತೆ ವಿಸರ್ಜಿಸಬೇಕೆಂಬುದು ಅದರ ತಾತ್ಪರ್ಯ. ಇದು ಮುನಿಗಳ ಆಚಾರ ನಿಜ. ಆದರೆ ಮುನಿಧರ್ಮದ ಅಂಶವನ್ನು ಯಥಾಶಕ್ತಿ ಪಾಲಿಸುವುದೇ ಶ್ರಾವಕಧರ್ಮವಾದ್ದರಿಂದ ಗೃಹಸ್ಥನಿಗೂ ಒಂದು ಪ್ರಶ್ನೆ ಉಳಿಯುತ್ತದೆ. ಮನೆಯ ಹೊಸ್ತಿಲಾಚೆ ಇಟ್ಟ ಕಸಕ್ಕೂ ಅವನ ಅಹಿಂಸಾಣುವ್ರತಕ್ಕೂ ಸಂಬಂಧವಿದೆಯೆ?

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಪುರಸಭೆಯುಳ್ಳ ಪಟ್ಟಣಗಳು. ಅರಳೆ ಮತ್ತು ಕಾಳಿನ ವ್ಯಾಪಾರ, ಬಟ್ಟೆ ಅಂಗಡಿ, ಕಿರಾಣಿ, ನೇಕಾರಿಕೆ ಇವುಗಳಿಂದ ಬಾಳುವ ಊರುಗಳು. ಬೆಳಗಾದರೆ ಕಸದ ಗಾಡಿ ಓಣಿಗೆ ಬರುತ್ತದೆ. ಗಾಡಿಯಲ್ಲಿ ಒಬ್ಬ ಚಾಲಕ, ಜೊತೆಗೆ ಕಸ ತುಂಬುವ ಒಬ್ಬಿಬ್ಬರು. ಮನೆಯವರು ಚೀಲವನ್ನು ಕೊಟ್ಟು ಒಳಗೆ ಹೋಗುತ್ತಾರೆ. ಹಸಿ ಕಸ, ಒಣ ಕಸ ಒಂದರಲ್ಲೇ ಕಲಸಿಹೋಗಿದ್ದರೆ ಅದನ್ನು ಬೇರ್ಪಡಿಸಲು ಆ ಚೀಲದೊಳಗೆ ಕೈ ಹಾಕುವವನು ಪೌರಕಾರ್ಮಿಕ. ಒಡೆದ ಲೋಟದ ಚೂರು, ಕ್ಷೌರದ ಬ್ಲೇಡು, ಮಧುಮೇಹದ ರೋಗಿ ಬಳಸಿ ಎಸೆದ ಇನ್ಸುಲಿನ್ ಸೂಜಿ, ಸುಟ್ಟುಹೋದ ಟ್ಯೂಬ್‌ಲೈಟು, ಇವೆಲ್ಲ ಅನ್ನ-ಪಲ್ಯದ ಶೇಷದ ಕೆಳಗೆ ಅಡಗಿರುತ್ತವೆ.

ಇದರಿಂದ ಒದಗುವ ಅಪಾಯ ಕಲ್ಪನೆಯದಲ್ಲ. ಕೊಳೆತ ವಸ್ತುವಿನ ನಡುವೆ ಆದ ಗಾಯ ಧನುರ್ವಾಯುವಿಗೆ ದಾರಿ ಮಾಡಬಲ್ಲದು. ಬಳಸಿದ ಸೂಜಿ ಚುಚ್ಚಿದರೆ ರಕ್ತದ ಮೂಲಕ ಹರಡುವ ಹೆಪಟೈಟಿಸ್-ಬಿ ಕಾಮಾಲೆ ತಗಲಬಹುದು. ಒಡೆದ ಟ್ಯೂಬ್‌ಲೈಟಿನಿಂದ ಪಾದರಸದ ಆವಿ ಹೊರಡುತ್ತದೆ. ಇಕ್ಕಟ್ಟಿನ ಓಣಿಯಲ್ಲಿ ಗಾಡಿ ಹಿಂದೆ ಸರಿಯುವಾಗ, ಹಿಂಬದಿಗೆ ಜೋತು ನಿಂತು ಸಾಗುವಾಗ, ಭಾರವಾದ ಚೀಲವನ್ನು ಹೆಗಲಿಗಿಂತ ಮೇಲೆತ್ತಿ ಸುರಿಯುವಾಗ ಕೈಕಾಲು, ಸೊಂಟಗಳಿಗೆ ಪೆಟ್ಟು ತಪ್ಪಿದ್ದಲ್ಲ. ದಿನಗೂಲಿಯವನಿಗೆ ಕೈಗೆ ಆದ ಗಾಯವೆಂದರೆ ಆ ವಾರದ ಅನ್ನಕ್ಕೆ ಆದ ಗಾಯ.

ಇಲ್ಲಿ ಸಜ್ಜನರು ಒಂದು ಆಕ್ಷೇಪವನ್ನೆತ್ತುವುದುಂಟು. ಚೂರನ್ನು ಎಸೆದವನಿಗೆ ಯಾರನ್ನೂ ನೋಯಿಸುವ ಭಾವವಿರಲಿಲ್ಲ, ಭಾವವಿಲ್ಲದಲ್ಲಿ ಹಿಂಸೆಯೆಲ್ಲಿ? ಜೈನ ಸಿದ್ಧಾಂತ ಭಾವಕ್ಕೆ ಪ್ರಾಧಾನ್ಯ ಕೊಟ್ಟಿದೆ ಎಂಬುದು ಸತ್ಯ. ಆದರೆ ಅದು ಹಿಂಸೆಯ ಮೂಲವನ್ನು ದ್ವೇಷದಲ್ಲಿ ಮಾತ್ರ ಕಾಣಲಿಲ್ಲ, ಪ್ರಮಾದದಲ್ಲಿಯೂ ಕಂಡಿತು. ನೆಲವನ್ನು ನೋಡಿ ಎಚ್ಚರದಿಂದ ನಡೆಯುವ ಯತಿಯ ಕಾಲಡಿ ಅಕಸ್ಮಾತ್ತಾಗಿ ಕೀಟವೊಂದು ಸತ್ತರೆ ಅವನಿಗೆ ಹಿಂಸೆಯ ಬಂಧವಿಲ್ಲ. ಎಚ್ಚರವಿಲ್ಲದೆ ನಡೆದವನಿಗೆ ಯಾವ ಜೀವಿಯೂ ಸಾಯದಿದ್ದರೂ ಬಂಧವುಂಟು. ಈ ನಿಯಮವನ್ನು ಕಸದ ಚೀಲಕ್ಕೆ ಅನ್ವಯಿಸಿದರೆ ಉತ್ತರ ಸ್ಪಷ್ಟ. ಇಂದು ಯಾರ ಕೈಯೂ ಕೊಯ್ಯಲಿಲ್ಲವೆಂಬುದು ಗೃಹಸ್ಥನ ನಿರ್ದೋಷಕ್ಕೆ ಪ್ರಮಾಣವಾಗದು. ಗಾಜನ್ನು ಸುತ್ತದೆ ಎಸೆದ ಕ್ಷಣದಲ್ಲಿಯೇ ದೋಷ ಘಟಿಸಿತು.

ಆಚಾರ್ಯರು ಅನರ್ಥದಂಡದ ಭೇದಗಳಲ್ಲಿ ಪ್ರಮಾದಚರ್ಯೆಯ ಜೊತೆಗೆ ಹಿಂಸಾದಾನವನ್ನೂ ಎಣಿಸಿದ್ದಾರೆ. ಕತ್ತಿ, ಕೊಡಲಿ, ವಿಷ, ಬೆಂಕಿ ಮೊದಲಾದ ಹಿಂಸೆಯ ಉಪಕರಣಗಳನ್ನು ಪರರ ಕೈಗೆ ಕೊಡುವುದೇ ಹಿಂಸಾದಾನ. ವ್ಯಾಪಾರಸ್ಥ ಜೈನ ಕುಟುಂಬಗಳು ಈ ಕಾರಣದಿಂದಲೇ ಎಷ್ಟೋ ಸರಕುಗಳನ್ನು ತಮ್ಮ ಅಂಗಡಿಯಲ್ಲಿ ಇಡದೆ ಲಾಭವನ್ನು ಬಿಟ್ಟಿವೆ. ಅಂಗಡಿಯ ಮುಂಬಾಗಿಲಿನಿಂದ ಹಣ ಬಂದರೂ ಕೊಡದ ವಸ್ತುವನ್ನು ಮನೆಯ ಹಿತ್ತಿಲಿನಿಂದ ಪುಕ್ಕಟೆಯಾಗಿ, ಅದೂ ಮುಚ್ಚಿ, ಒಬ್ಬ ಬಡವನ ಕೈಗೆ ಕೊಡುವುದು ಹೇಗೆ ಸರಿಯಾದೀತು? ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಅನಂತರ ಉಣ್ಣದ ಮನೆಯಲ್ಲಿ ಈ ವಿಸಂಗತಿ ಇರಕೂಡದು. ಕಣ್ಣಿಗೆ ಕಾಣದ ಜೀವಿಗೆ ಸಲ್ಲುವ ದಯೆ ಪ್ರತಿದಿನ ಬಾಗಿಲಿಗೆ ಬರುವ ಪಂಚೇಂದ್ರಿಯ ಮನುಷ್ಯನಿಗೆ ಮೊದಲು ಸಲ್ಲಬೇಕು.

ಕೈಗವಸು, ಬೂಟು ಕೊಡುವುದು ಪುರಸಭೆಯ ಕರ್ತವ್ಯವಲ್ಲವೆ ಎಂಬುದು ಎರಡನೆಯ ಆಕ್ಷೇಪ. ಖಂಡಿತ ಹೌದು. ೨೦೧೬ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಮವಸ್ತ್ರ, ಕೈಗವಸು, ಮಳೆಯಂಗಿ, ಪಾದರಕ್ಷೆ, ಮುಖಗವಸುಗಳನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೇ ವಹಿಸಿದವು. ಅವೇ ನಿಯಮಗಳು ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಮೂಲದಲ್ಲಿಯೇ ಬೇರ್ಪಡಿಸುವ ಹೊಣೆಯನ್ನು ಮನೆಯವರಿಗೆ ವಹಿಸಿದವು. ಒಬ್ಬನ ಕರ್ತವ್ಯಲೋಪ ಇನ್ನೊಬ್ಬನಿಗೆ ವಿನಾಯಿತಿಯಾಗದು. ಮೇಲಾಗಿ ತೆಳು ಕೈಗವಸು ಸೂಜಿಯನ್ನು ತಡೆಯದು. ದಪ್ಪನೆಯದನ್ನು ಈ ಬಯಲುಸೀಮೆಯ ವೈಶಾಖದ ಬಿಸಿಲಿನಲ್ಲಿ ಹಾಕಿಕೊಂಡರೆ ಕೈ ಬೆವೆತು ಹಿಡಿತ ತಪ್ಪುತ್ತದೆ. ಕಾರ್ಮಿಕ ಅದನ್ನು ತೆಗೆದಿಡುತ್ತಾನೆ. ಅಪಾಯವನ್ನು ಹುಟ್ಟುವಲ್ಲಿಯೇ ತಡೆಯುವುದು ಮೇಲು, ಮೈಗೆ ಕವಚ ತೊಡಿಸುವುದು ಕೊನೆಯ ಉಪಾಯ ಎಂದು ಕಾರ್ಮಿಕ ಸುರಕ್ಷತೆಯನ್ನು ಬಲ್ಲವರು ಹೇಳುತ್ತಾರೆ. ಆಸ್ರವವನ್ನು ನಿಲ್ಲಿಸುವ ಸಂವರದ ಮಹತ್ವವನ್ನು ಅರಿತವರಿಗೆ ಇದು ಹೊಸ ಮಾತಲ್ಲ.

ಅಂಗಡಿ-ಗೋದಾಮುಗಳ ವಿಷಯದಲ್ಲಿ ಇನ್ನೊಂದು ಅತಿಚಾರವೂ ವಿಚಾರಣೀಯ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಹಿಂದೆ ಅರಳೆಯ ಅಂಡಿಗೆ ಹೇರುವಾಗ ಎತ್ತಿನ ಶಕ್ತಿಯನ್ನು ನೋಡಿ ಹೇರುತ್ತಿದ್ದರು. ಇಂದು ಎತ್ತಿನ ಸ್ಥಾನದಲ್ಲಿ ಟಿಪ್ಪರ್ ಬಂದಿದೆ. ಆದರೆ ಅದಕ್ಕೆ ಭಾರವನ್ನು ಎತ್ತಿ ತುಂಬುವವನು ಮನುಷ್ಯನೇ. ಒಬ್ಬನಿಂದ ಎತ್ತಲಾಗದಷ್ಟು ಕಸವನ್ನು ಒಂದೇ ಗೋಣಿಯಲ್ಲಿ ತುರುಕಿ ಕಟ್ಟುವ ಬದಲು ಎರಡು ಗೋಣಿಗಳಲ್ಲಿ ಹಂಚುವುದಕ್ಕೆ ತಗಲುವ ಖರ್ಚು ಅತ್ಯಲ್ಪ.

ದೇವಸ್ಥಾನ ಮತ್ತು ಬಸದಿಗಳ ವಿಶ್ವಸ್ತರ ಹೊಣೆ ಇನ್ನೂ ಗುರುತರವಾದುದು. ಧರ್ಮಶಾಲೆ, ವಿದ್ಯಾರ್ಥಿನಿಲಯ, ಭೋಜನಶಾಲೆಗಳಿಗೆ ಮಲಗುಂಡಿಗಳಿರುತ್ತವೆ. ತುಂಬಿದ ಗುಂಡಿಯೊಳಗೆ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ಸೇರಿರುತ್ತವೆ. ಎರಡನೆಯದಕ್ಕೆ ಕೊಳೆತ ಮೊಟ್ಟೆಯ ವಾಸನೆ. ಆದರೆ ಅದರ ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯೇ ಉಡುಗಿ ವಾಸನೆ ತಿಳಿಯದಾಗುತ್ತದೆ. ಇಳಿದವನು ಕ್ಷಣಮಾತ್ರದಲ್ಲಿ ಕುಸಿಯುತ್ತಾನೆ. ಎತ್ತಲು ಹೋದವನೂ ಅಲ್ಲಿಯೇ ಉಳಿಯುತ್ತಾನೆ. ಕರ್ನಾಟಕದಲ್ಲಿ ೧೯೭೦ರ ದಶಕದಲ್ಲಿಯೇ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ೨೦೧೩ರ ಕೇಂದ್ರ ಕಾಯಿದೆಯು ರಕ್ಷಣಾ ಸಾಧನಗಳಿಲ್ಲದೆ ಮಲಗುಂಡಿಗೆ ಮನುಷ್ಯನನ್ನು ಇಳಿಸುವವರಿಗೆ, ಅವರು ಖಾಸಗಿಯವರೇ ಆಗಿರಲಿ, ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಿತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ೨೦೧೪ರಲ್ಲಿ ಹತ್ತು ಲಕ್ಷ ರೂಪಾಯಿ ಪರಿಹಾರವೆಂದಿದ್ದ ಸರ್ವೋಚ್ಚ ನ್ಯಾಯಾಲಯ ೨೦೨೩ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು.

ಗುತ್ತಿಗೆದಾರನಿಗೆ ವಹಿಸಿದ್ದೇವೆ, ಅವನು ಯಾರನ್ನು ಇಳಿಸುತ್ತಾನೋ ತಿಳಿಯದು ಎಂಬ ಸಮಾಧಾನ ಕೃತ-ಕಾರಿತ-ಅನುಮೋದನೆಗಳ ವಿಚಾರವನ್ನು ಬಲ್ಲವರ ಬಾಯಲ್ಲಿ ಶೋಭಿಸದು. ಕಡಿಮೆ ದರಕ್ಕೆ ಒಪ್ಪಿದಾಗ ಆ ದರದಲ್ಲಿ ಸಕ್ಕಿಂಗ್ ಯಂತ್ರ ಬರುವುದೋ ಮನುಷ್ಯ ಬರುವನೋ ಎಂದು ಕೇಳದಿದ್ದುದೇ ಅನುಮೋದನೆ.

ಆಚರಣೆಗೆ ಬೇಕಾದುದು ಹೆಚ್ಚಿನದೇನೂ ಅಲ್ಲ. ಗಾಜಿನ ಚೂರು, ಬ್ಲೇಡುಗಳನ್ನು ದಪ್ಪ ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು, ಮೇಲೆ ಬರೆದು ಕೈಗೆ ತಿಳಿಸಿ ಕೊಡುವುದು. ಸೂಜಿಗಳನ್ನು ಗಟ್ಟಿಯಾದ ಮುಚ್ಚಳದ ಡಬ್ಬಿಯಲ್ಲಿ ಕೂಡಿಡುವುದು. ದಶಲಕ್ಷಣ ಪರ್ವ, ಮಹಾವೀರ ಜಯಂತಿ, ಪಂಚಕಲ್ಯಾಣಗಳ ಸಾಮೂಹಿಕ ಭೋಜನಕ್ಕೆ ಮುಂಚೆಯೇ ಪುರಸಭೆಗೆ ತಿಳಿಸುವುದು. ನೂರಕ್ಕಿಂತ ಹೆಚ್ಚು ಜನರು ಸೇರುವ ಸಮಾರಂಭಕ್ಕೆ ಮೂರು ಕೆಲಸದ ದಿನ ಮೊದಲೇ ತಿಳಿಸಬೇಕೆಂದು ೨೦೧೬ರ ನಿಯಮಗಳೇ ಹೇಳಿದ್ದವು. ವರ್ಷಕ್ಕೊಮ್ಮೆ ವೈದ್ಯರನ್ನು ಕರೆಸಿ ಊರಿನ ಪೌರಕಾರ್ಮಿಕರಿಗೆ ಧನುರ್ವಾಯು ಮತ್ತು ಹೆಪಟೈಟಿಸ್-ಬಿ ಲಸಿಕೆ ಹಾಕಿಸುವುದು ಯಾವ ಟ್ರಸ್ಟಿನ ಶಕ್ತಿಗೂ ಮೀರಿದ್ದಲ್ಲ.

ಇದೇ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯನ್ನು ನಾಡು ದಾನಚಿಂತಾಮಣಿಯೆಂದು ಸ್ಮರಿಸುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರಕ್ಕೆ ದಾನಿಗಳ ಹೆಸರು ಕಲ್ಲಿನ ಫಲಕಗಳಲ್ಲಿ ಕಾಣಸಿಗುತ್ತದೆ. ಚೀಲದೊಳಗೆ ಕೈ ಹಾಕುವವನು ನಿರ್ಭಯನಾಗಿ ಹಾಕುವಂತೆ ಮಾಡುವುದು ಅಭಯದಾನವೇ. ಅದಕ್ಕೆ ಫಲಕ ಹಾಕಿಸಲು ಬರುವುದಿಲ್ಲ. ಪ್ರತಿದಿನ ಬೆಳಗ್ಗೆ ಗಾಡಿ ಬರುವ ಮೊದಲು ಮನೆಮನೆಯಲ್ಲಿಯೂ ಅದನ್ನು ಮಾಡಬೇಕಾಗುತ್ತದೆ.