ಪರರ ನಡತೆಗೆ ಸಾಕ್ಷಿ

ಸರ್ಕಾರದ ಸೇವೆಗೆ ಆಯ್ಕೆಯಾದವನ ನಡತೆಯನ್ನೂ ಪೂರ್ವವೃತ್ತಾಂತವನ್ನೂ ಪೊಲೀಸರು ಪರಿಶೀಲಿಸುವುದುಂಟು. ಆಗ ನೆರೆಯವನನ್ನೋ ಪರಿಚಿತನನ್ನೋ ಕಂಡು, 'ಈತನು ಎಂಥವನು?' ಎಂದು ಕೇಳುತ್ತಾರೆ. ಪ್ರಶ್ನೆಯು ಚಿಕ್ಕದು, ಧರ್ಮಸಂಕಟವು ದೊಡ್ಡದು. ದೋಷವನ್ನು ಹೇಳಿದರೆ ಪರನಿಂದೆಯಾದೀತು, ಮುಚ್ಚಿದರೆ ಅಸತ್ಯವಾದೀತು. ಒಂದು ಮಾತಿನಿಂದ ನಿರ್ದೋಷಿಯ ಅನ್ನವು ಹೋದೀತು. ಒಂದು ಮೌನದಿಂದ ಪ್ರಜೆಗೆ ಕೇಡಾದೀತು.

ನಿಂದೆಗೂ ಸಾಕ್ಷ್ಯಕ್ಕೂ ಭೇದವುಂಟು. ಕೇಳುವ ಅಧಿಕಾರವಿಲ್ಲದವರ ಮುಂದೆ ಕೆಡಿಸುವ ಬಯಕೆಯಿಂದ ಆಡಿದುದು ನಿಂದೆ. ಕೇಳತಕ್ಕವನು ಕೇಳಿದಾಗ ಕಂಡುದನ್ನು ಕಂಡಷ್ಟೇ ನುಡಿದುದು ಸಾಕ್ಷ್ಯ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಸನ ಹಣವನ್ನು ಜಂಗಮರಿಗೆ ವೆಚ್ಚಮಾಡಿದರೆಂದು ಕೊಂಡೆಯರು ದೂರಿದರು. ಲೆಕ್ಕ ನೋಡಿದಾಗ ಹಣವು ಸರಿಯಾಗಿತ್ತೆಂದು ಪುರಾಣಗಳು ಹೇಳುತ್ತವೆ. ಅವರು ಕಾಣದುದನ್ನು ಕಂಡಂತೆ ನುಡಿದಿದ್ದರು.

ಆದುದರಿಂದ ಸದಾಚಾರಿಯು ಕೇಳಿದ ಮಾತನ್ನು ಕಂಡುದೆಂದು ಹೇಳನು, ಊಹೆಯನ್ನು ನಿಶ್ಚಯವೆನ್ನನು, ಸ್ನೇಹದ ದಾಕ್ಷಿಣ್ಯಕ್ಕಾಗಿ ಕಂಡ ದೋಷವನ್ನು ಮರೆಮಾಡನು, ಹಳೆಯ ವೈರಕ್ಕಾಗಿ ಅದನ್ನು ಬೆಳೆಸನು. ತಿಳಿಯದೆಡೆ 'ಅರಿಯೆ' ಎನ್ನುವುದೂ ಸತ್ಯವೇ. ತಾನು ನುಡಿದುದನ್ನು ಅಧಿಕಾರಿಗಿಂತ ಮೊದಲು ಕರಸ್ಥಲದ ಲಿಂಗವು ಕೇಳುತ್ತದೆಂಬ ಅರಿವಿದ್ದವನ ಸಾಕ್ಷ್ಯವೇ ಶುದ್ಧವಾದುದು.