ಮುಖ ಯಾರ ಸೊತ್ತು?

ಅಮೆರಿಕದ ಕೆಂಟಕಿ ರಾಜ್ಯದ ಪೂರ್ವ ಭಾಗದಲ್ಲಿ ಲೆಚರ್ ಕೌಂಟಿ ಎಂಬ ಗುಡ್ಡಗಾಡು ಸೀಮೆಯಿದೆ. ಕಲ್ಲಿದ್ದಲು ಗಣಿಗಳನ್ನು ನಂಬಿ ಬದುಕಿದ ಊರುಗಳು ಅಲ್ಲಿನವು. 1967ರ ಸೆಪ್ಟೆಂಬರಿನಲ್ಲಿ ಹ್ಯೂ ಓಕಾನರ್ ಎಂಬ ಕೆನಡಾದ ಚಿತ್ರ ನಿರ್ಮಾಪಕ ತನ್ನ ತಂಡದೊಂದಿಗೆ ಅಲ್ಲಿಗೆ ಹೋಗಿದ್ದ. ಒಂದು ಬಾಡಿಗೆ ಮನೆಯ ಜಗಲಿಯ ಮೇಲೆ, ಗಣಿಯಿಂದ ಮರಳಿದ್ದ ಕಾರ್ಮಿಕನೊಬ್ಬ ಮುಖದ ಮಸಿಯನ್ನೂ ತೊಳೆಯದೆ ಮಗುವನ್ನೆತ್ತಿಕೊಂಡು ಕುಳಿತಿದ್ದ. ಚಿತ್ರ ತೆಗೆಯಬಹುದೇ ಎಂದು ಕೇಳಿದರು. ಅವನು ಒಪ್ಪಿದ. ಕೆಲಸ ಮುಗಿಯುವ ಹೊತ್ತಿಗೆ ಆ ಮನೆಗಳ ಮಾಲೀಕ ಹೋಬಾರ್ಟ್ ಐಸನ್ ಪಿಸ್ತೂಲು ಹಿಡಿದು ಬಂದ. ತನ್ನ ಜಾಗ ಬಿಟ್ಟು ತೊಲಗಿ ಎಂದು ಕೂಗುತ್ತಾ ಗುಂಡು ಹಾರಿಸಿದ. ಸಾಮಾನು ಹೊತ್ತು ಹೊರಟಿದ್ದ ಓಕಾನರ್ ಸತ್ತುಹೋದ.

ಆ ಸೀಮೆಯ ಬಹಳಷ್ಟು ಜನ ಕೊಂದವನ ಪರ ನಿಂತರು. ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತಕ್ಕೆ ಬರಲಾಗಲಿಲ್ಲ. ಕೊನೆಗೆ 1969ರಲ್ಲಿ ಐಸನ್ ತಪ್ಪೊಪ್ಪಿಕೊಂಡ. ಹತ್ತು ವರ್ಷಗಳ ಶಿಕ್ಷೆಯಾಯಿತು, ಒಂದೇ ವರ್ಷದಲ್ಲಿ ಪೆರೋಲ್ ಮೇಲೆ ಹೊರಬಂದ. ಜನರ ಸಿಟ್ಟಿಗೆ ಹಿನ್ನೆಲೆಯೊಂದಿತ್ತು. 1964ರಲ್ಲಿ ಅಧ್ಯಕ್ಷ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿದ ಮೇಲೆ ಅಲ್ಲಿಗೆ ಕ್ಯಾಮರಾಗಳು ದಂಡು ಕಟ್ಟಿಕೊಂಡು ಬಂದಿದ್ದವು. ಬಂದವರು ಮುರುಕು ಮನೆ, ಹರಕು ಬಟ್ಟೆ, ಬರಿಗಾಲಿನ ಮಕ್ಕಳನ್ನು ಹುಡುಕಿ ಹುಡುಕಿ ತೆಗೆದು ಇಡೀ ದೇಶಕ್ಕೆ ತೋರಿಸಿ ಮರೆಯಾಗುತ್ತಿದ್ದರು.

ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಯಾರ ಮುಖ ಚಿತ್ರವಾಯಿತೋ ಅವನು ಒಪ್ಪಿದ್ದ. ಗುಂಡು ಹೊಡೆದವನ ಮುಖವನ್ನು ಯಾರೂ ತೆಗೆದಿರಲಿಲ್ಲ. ಬಾಡಿಗೆದಾರನ ಮಸಿಮುಖದಲ್ಲಿ ತನ್ನ ಇಜ್ಜತ್ ಹರಾಜಾಯಿತೆಂದು ಮಾಲೀಕ ಭಾವಿಸಿದ. ಒಬ್ಬರ ಮುಖದ ಕಾವಲನ್ನು ಇನ್ನೊಬ್ಬರು, ಕೇಳದೆಯೇ, ವಹಿಸಿಕೊಳ್ಳುವ ಈ ಪದ್ಧತಿ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಚೆನ್ನಾಗಿಯೇ ಗೊತ್ತು.

ಇದೇ ಲೆಚರ್ ಕೌಂಟಿಗೆ 1975ರಲ್ಲಿ ವೆಂಡಿ ಇವಾಲ್ಡ್ ಎಂಬ ಯುವತಿ ಬಂದರು. ವಯಸ್ಸು ಇಪ್ಪತ್ನಾಲ್ಕರ ಆಸುಪಾಸು. ಅಲ್ಲಿನ ಜನರ ಭಾವಚಿತ್ರ ತೆಗೆಯುವುದು ಅವರ ಆಸೆ. ಆದರೆ ತಮ್ಮ ಮತ್ತು ಜನರ ನಡುವೆ ಕ್ಯಾಮರಾವೇ ಗೋಡೆಯಾಗುತ್ತಿದೆ ಎನ್ನಿಸಿತು. ಸಣ್ಣ ಸಣ್ಣ ಶಾಲೆಗಳಲ್ಲಿ ಮಕ್ಕಳಿಗೆ ಫೋಟೋಗ್ರಫಿ ಕಲಿಸತೊಡಗಿದರು. ಸಾದಾ ಇನ್‌ಸ್ಟಮ್ಯಾಟಿಕ್ ಕ್ಯಾಮರಾಗಳು, ಆದರೆ ಪುಕ್ಕಟೆಯಲ್ಲ. ಮಕ್ಕಳು 10 ಡಾಲರ್ ಕೊಟ್ಟು ಕೊಳ್ಳಬೇಕಿತ್ತು, ಇಲ್ಲದವರು ಏನಾದರೂ ದುಡಿದು ಸಂಪಾದಿಸಬೇಕಿತ್ತು. ಇದು ನಿರ್ದಯವೆಂದು ನಿಮಗನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ದಾನವಾಗಿ ಬಂದ ಕ್ಯಾಮರಾದಲ್ಲಿ ಮಗು ದಾನಿಗೆ ಇಷ್ಟವಾಗುವ ಚಿತ್ರವನ್ನೇ ತೆಗೆಯುತ್ತದೆ. ತನ್ನದೇ ದುಡಿಮೆಯ ಕ್ಯಾಮರಾ ಹಿಡಿದ ಮಗುವಿಗೆ ಯಾರ ಹಂಗೂ ಇಲ್ಲ.

ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆಯುವುದನ್ನೂ ಮಕ್ಕಳೇ ಕಲಿತರು. ಮೊಬೈಲಿನಲ್ಲಿ ಬೆರಳೊತ್ತಿ ಬೆಳೆಯುತ್ತಿರುವ ಇಂದಿನ ಮಕ್ಕಳಿಗೆ ಆ ಅನುಭವವನ್ನು ಹೇಳಿ ತಿಳಿಸುವುದು ಕಷ್ಟ. ಕೆಂಪು ದೀಪದ ಮಬ್ಬಿನಲ್ಲಿ, ದ್ರಾವಣದೊಳಗೆ ಮುಳುಗಿಸಿದ ಬಿಳಿ ಕಾಗದದ ಮೇಲೆ ಮೊದಲು ಕೂದಲು, ಹುಬ್ಬು, ಆಮೇಲೆ ಅಮ್ಮನ ಇಡೀ ಮುಖ ಮೆಲ್ಲಗೆ ಮೂಡುವುದು. ನೆಗೆಟಿವ್ ಕೈಯಲ್ಲಿರುವುದರಿಂದ ಯಾವುದನ್ನು ಕಾಗದಕ್ಕಿಳಿಸಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವ ಹಕ್ಕೂ ಇರುತ್ತದೆ. ಗುಂಡಿ ಒತ್ತುವುದನ್ನು ಒಂದು ಗಂಟೆಯಲ್ಲಿ ಕಲಿಸಬಹುದು. ಬಿಡುವುದನ್ನು ಕಲಿಯಲು ವರ್ಷಗಳು ಬೇಕು.

ನಿಮ್ಮನ್ನು, ನಿಮ್ಮ ಮನೆಯವರನ್ನು, ಸಾಕುಪ್ರಾಣಿಗಳನ್ನು, ಕೊನೆಗೆ ನಿಮ್ಮ ಕನಸುಗಳನ್ನು ತೆಗೆಯಿರಿ ಎಂದು ಇವಾಲ್ಡ್ ಹೇಳುತ್ತಿದ್ದರು. ಆಪ್ತ ಗೆಳೆಯನನ್ನು ತಾನೇ ಕೊಂದಂತೆ ಕನಸು ಕಂಡ ಹುಡುಗನೊಬ್ಬ ಆ ಗೆಳೆಯನನ್ನೇ ಮರದ ಕವಲಿನಲ್ಲಿ ಹೆಣದಂತೆ ಒರಗಿಸಿ ಫೋಟೋ ತೆಗೆದ. ಇನ್ನೊಬ್ಬ ಹುಡುಗ, ವಿಯಟ್ನಾಂ ಯುದ್ಧದಿಂದ ಮರಳಿ ಆತ್ಮಹತ್ಯೆ ಮಾಡಿಕೊಂಡ ಅಣ್ಣನ ಭಾವಚಿತ್ರವನ್ನು ಹಿಡಿದು ತನ್ನನ್ನು ತಾನೇ ಚಿತ್ರಿಸಿಕೊಂಡ. ಬಡತನ ಆ ಚಿತ್ರಗಳಲ್ಲೂ ಇದೆ, ಆದರೆ ಅದು ಹಿನ್ನೆಲೆಯ ಗೋಡೆಯಷ್ಟೇ. 1985ರಲ್ಲಿ ಇವು ‘ಪೋರ್ಟ್ರೇಟ್ಸ್ ಅಂಡ್ ಡ್ರೀಮ್ಸ್’ ಎಂಬ ಪುಸ್ತಕವಾದವು.

ಹಾಗಾದರೆ ಕ್ಯಾಮರಾವನ್ನು ಮಕ್ಕಳ ಕೈಗೆ ಕೊಟ್ಟುಬಿಟ್ಟರೆ ಪ್ರಶ್ನೆ ಬಗೆಹರಿಯಿತೇ? ಇಲ್ಲ. ಕೊಲ್ಕತ್ತಾದ ಸೋನಾಗಾಚಿಯಲ್ಲಿ ಜಾನಾ ಬ್ರಿಸ್ಕಿ ಎಂಬ ಛಾಯಾಗ್ರಾಹಕಿ ಲೈಂಗಿಕ ಕಾರ್ಯಕರ್ತೆಯರ ಮಕ್ಕಳಿಗೆ ಕ್ಯಾಮರಾ ಕಲಿಸಿದರು. ಆ ಕುರಿತ ‘ಬಾರ್ನ್ ಇನ್‌ಟು ಬ್ರಾಥೆಲ್ಸ್’ ಸಾಕ್ಷ್ಯಚಿತ್ರಕ್ಕೆ 2005ರಲ್ಲಿ ಆಸ್ಕರ್ ಬಂತು. ಮಕ್ಕಳು ತೆಗೆದ ಚಿತ್ರಗಳು ಸೊಗಸಾಗಿದ್ದವು, ಅವುಗಳ ಮಾರಾಟದ ಹಣ ಅವರ ಓದಿಗೆ ನೆರವಾಯಿತು. ಅದನ್ನು ಅಲ್ಲಗಳೆಯಲಾರೆ. ಆದರೆ ಆ ತಾಯಂದಿರ ಸಂಘಟನೆಯಾದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಚಿತ್ರವನ್ನು ಟೀಕಿಸಿತು. ಮಕ್ಕಳ ಒಳಿತಿಗಾಗಿ ತಾವು ನಡೆಸುತ್ತ ಬಂದ ಹೋರಾಟ ಅದರಲ್ಲಿ ಕಾಣುವುದಿಲ್ಲ ಎಂಬುದು ಅವರ ಅಳಲು. ಮಕ್ಕಳ ಕೈಗೆ ಕ್ಯಾಮರಾ ಬಂದಿತ್ತು, ತಾಯಂದಿರ ಮುಖ ಮತ್ತೆ ಪರರ ವಶದಲ್ಲೇ ಉಳಿಯಿತು.

ನಮ್ಮಲ್ಲಿ ತಸ್ವೀರಿನ ಚರ್ಚೆ ಬಂದರೆ ಜಾಯಿಜೋ ನಾಜಾಯಿಜೋ ಎಂಬಲ್ಲಿಗೆ ಮುಗಿಯುತ್ತದೆ. ಹಜ್ ಯಾತ್ರೆಗೂ ಪಾಸ್‌ಪೋರ್ಟ್ ಫೋಟೋ ಬೇಕಾದ ಮೇಲೆ ಆ ವಾದದ ಬಿಸಿಯೂ ಆರಿದೆ. ಮುಖವನ್ನು ಅಮಾನತ್ತೆಂದು ನೋಡಿದರೆ ಮಾತ್ರ ಬೇರೆ ಪ್ರಶ್ನೆಗಳು ಏಳುತ್ತವೆ. ಅಮಾನತ್ತು ಇಟ್ಟುಕೊಂಡವನು ಅದನ್ನು ಖರ್ಚು ಮಾಡುವಂತಿಲ್ಲ. ಇಟ್ಟವರು ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಇವಾಲ್ಡ್ ದಶಕಗಳ ನಂತರ ಆ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಹೋದರು. ಅದೇ ನೆಲದ ಎಲಿಜಬೆತ್ ಬ್ಯಾರೆಟ್ ಜೊತೆ ಸೇರಿ 2020ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಓಕಾನರ್ ಕೊಲೆಯ ಬಗ್ಗೆ 2000ದಲ್ಲಿ ‘ಸ್ಟ್ರೇಂಜರ್ ವಿತ್ ಎ ಕ್ಯಾಮರಾ’ ತೆಗೆದವರೂ ಇದೇ ಬ್ಯಾರೆಟ್. ಮಧ್ಯವಯಸ್ಸು ತಲುಪಿದ ಆ ಮಕ್ಕಳು ತಮ್ಮದೇ ಚಿತ್ರಗಳ ಮುಂದೆ ಕುಳಿತು ಮಾತಾಡುತ್ತಾರೆ. ಲೆಕ್ಕ ಒಪ್ಪಿಸುವುದೆಂದರೆ ಹೀಗೇ ಇರಬೇಕೇನೋ.

ಇದನ್ನೆಲ್ಲ ದೂರದ ಕತೆಯೆಂಬಂತೆ ಬರೆಯಲು ನನಗೆ ಸಾಧ್ಯವಾಗುತ್ತಿಲ್ಲ. ನಾನು ಕ್ಯಾಮರಾ ಹಿಡಿದವಳಲ್ಲ, ಆದರೆ ಕತೆಗಾರ್ತಿ. ವರ್ಷಗಳ ಹಿಂದೆ ನಮ್ಮ ಗಲ್ಲಿಯ ಖಾಲಾ ಒಬ್ಬರ ಬದುಕನ್ನು, ಹೆಸರು ಬದಲಿಸಿ, ಕತೆ ಮಾಡಿದ್ದೆ. ಬಹುಮಾನವೂ ಬಂತು. ಖಾಲಾಗೆ ಕನ್ನಡ ಓದಲು ಬಾರದು, ಉರ್ದುವಿನಲ್ಲಿ ಬರೆದಿದ್ದರೆ ಓದುತ್ತಿದ್ದರು. ನಾನು ಕನ್ನಡದಲ್ಲಿ ಬರೆದದ್ದಕ್ಕೆ ಅದೂ ಒಂದು ಕಾರಣವೇ ಎಂದು ಈಗ ಅನುಮಾನವಾಗುತ್ತದೆ. ಅವರ ಮಗಳು ಅದನ್ನು ಓದಿ, ಅರ್ಥ ಮಾಡಿ ಹೇಳಿದಳಂತೆ. ಮರುದಿನ ಅಂಗಳದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದ ಖಾಲಾ ನನ್ನನ್ನು ಕರೆದರು.

“ಬೇಟಾ, ಚೆನ್ನಾಗಿ ಬರೆದಿದ್ದೀ ಅಂದಳು ಇವಳು. ಆದರೆ ಅದರಲ್ಲಿ ನಾನು ಒಂದು ಸಲವೂ ನಗಲಿಲ್ಲವಲ್ಲ?”

“ಅದು ಕತೆ ಖಾಲಾ, ನೀವಲ್ಲ” ಎಂದೆ.

ಖಾಲಾ ಮೊರದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕೆಸೆದು, ಚಹಾ ಕುಡಿದು ಹೋಗು ಎಂದರು.